ಹಳೆಯ ಇಂಗ್ಲಿಷ್ ಹಳ್ಳಿ ಚರ್ಚನ್ನು ನೋಡುವುದು ಹೇಗೆ? ಕಿಲ್ಪೆಕ್‌ನಲ್ಲಿ ಅಪ್ಪ ತೋರಿಸಿಕೊಟ್ಟ ದಾರಿ

ಇಂಗ್ಲೆಂಡಿಗೆ ಬಂದ ಮೊದಲ ವರ್ಷ ಒಂದು ಹಳ್ಳಿ ಚರ್ಚಿನ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದೆ. ಬಾಗಿಲಿಗೆ ಹಿಡಿ ಇರಲಿಲ್ಲ. ಅದರ ಜಾಗದಲ್ಲಿ ಕಬ್ಬಿಣದ ದಪ್ಪ ಬಳೆಯೊಂದು ನೇತಾಡುತ್ತಿತ್ತು. ಎಳೆದೆ, ತಳ್ಳಿದೆ, ಅಲ್ಲಾಡಲಿಲ್ಲ. ಬೀಗ ಹಾಕಿದ್ದಾರೆ ಅಂದುಕೊಂಡು ಬಸ್ ಸ್ಟಾಪಿಗೆ ನಡೆದೆ. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಆ ಬಳೆಯನ್ನು ತಿರುಗಿಸಬೇಕು. ತಿರುಗಿಸಿದರೆ ಒಳಗಡೆಯ ಅಗುಳಿ ಮೇಲೇಳುತ್ತದೆ. ಆಮೇಲೆ ಭುಜ ಕೊಟ್ಟು ತಳ್ಳಿದರೆ ಬಾಗಿಲು ತೆರೆಯುತ್ತದೆ.

ಇಲ್ಲಿಗೆ ಓದಲು, ಕೆಲಸಕ್ಕೆ ಬಂದವರು, ಮಕ್ಕಳ ಮನೆಗೆ ಬೇಸಿಗೆಯಲ್ಲಿ ಬರುವ ಅಪ್ಪ ಅಮ್ಮಂದಿರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಲಂಡನ್ನಿನ ದೊಡ್ಡ ಕಟ್ಟಡಗಳನ್ನು ಎಲ್ಲರೂ ನೋಡುತ್ತಾರೆ. ಹಳ್ಳಿ ಚರ್ಚುಗಳ ಮುಂದೆ ಕಾರಿನಲ್ಲಿ ಹಾಗೇ ಹಾದು ಹೋಗುತ್ತಾರೆ. ಅದು ನನಗೆ ಬೇಜಾರು. ಚರ್ಚ್ ಆಫ್ ಇಂಗ್ಲೆಂಡಿನ ಕೈಯಲ್ಲಿ ಸುಮಾರು 16,000 ಚರ್ಚುಗಳಿವೆ. ಅವುಗಳಲ್ಲಿ ಎಂಟು ನೂರು, ಒಂಬತ್ತು ನೂರು ವರ್ಷ ಹಳೆಯವು ಬೇಕಾದಷ್ಟು. ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ, ಹಗಲು ಹೊತ್ತು ಬಹಳಷ್ಟು ಕಡೆ ಬಾಗಿಲು ತೆರೆದೇ ಇರುತ್ತದೆ. ಹೇಗೆ ನೋಡಬೇಕು ಅನ್ನೋದು ಗೊತ್ತಿದ್ದರೆ ಸಾಕು.

ನಾನು ಹಾಸನ ಜಿಲ್ಲೆಯವಳು. ಹೆರೆಫರ್ಡ್‌ನಲ್ಲಿ ನರ್ಸ್ ಕೆಲಸ. ನೋಡುವುದನ್ನು ನನಗೆ ಕಲಿಸಿದ್ದು ಅಪ್ಪ. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಚಿಕ್ಕಂದಿನಲ್ಲಿ ನಮ್ಮನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋದರೆ ಮೊದಲೇ ಒಳಗೆ ಬಿಡುತ್ತಿರಲಿಲ್ಲ. "ಮೊದಲು ಹೊರಗೆ ಒಂದು ಸುತ್ತು. ಆಮೇಲೆ ಒಳಗೆ" ಅನ್ನುತ್ತಿದ್ದರು. ಅಪ್ಪ ಒಂದು ಬೇಸಿಗೆ ಇಲ್ಲಿಗೆ ಬಂದಾಗ ಕಿಲ್ಪೆಕ್ ಚರ್ಚಿಗೆ ಕರೆದುಕೊಂಡು ಹೋದೆ. ಅಲ್ಲೂ ಅದೇ ಮಾತು ಹೇಳಿದರು. ಆವತ್ತಿನಿಂದ ನಾನು ಯಾವ ಚರ್ಚಿಗೆ ಹೋದರೂ ಅದೇ ಕ್ರಮ.

ಮೊದಲು ಇದು ಏನು ಅಂತ ತಿಳಿದುಕೊಳ್ಳಿ

ಈ ಹಳ್ಳಿ ಚರ್ಚುಗಳಿಗೆ ಪ್ಯಾರಿಷ್ ಚರ್ಚು ಅನ್ನುತ್ತಾರೆ. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಸರಹದ್ದು. ಒಂದು ಹಳ್ಳಿ, ಅಥವಾ ಹಳ್ಳಿಯ ಜೊತೆ ಅಕ್ಕಪಕ್ಕದ ತೋಟದ ಮನೆಗಳು. ಆ ಸರಹದ್ದಿನಲ್ಲಿ ವಾಸ ಮಾಡುವವರೆಲ್ಲ, ಯಾವ ಧರ್ಮದವರಾದರೂ, ಆ ಪ್ಯಾರಿಷ್‌ನವರೇ. ಹಾಗೆ ನೋಡಿದರೆ ನಾನೂ ಒಂದು ಪ್ಯಾರಿಷ್‌ಗೆ ಸೇರಿದವಳು.

ಇನ್ನೊಂದು ವಿಷಯ ತಲೆಯಲ್ಲಿರಲಿ. ಈ ಹಳೆಯ ಚರ್ಚುಗಳನ್ನು ಕಟ್ಟಿದ ಕಾಲಕ್ಕೆ ಆಂಗ್ಲಿಕನ್, ಅಂದರೆ ಈಗಿನ ಚರ್ಚ್ ಆಫ್ ಇಂಗ್ಲೆಂಡಿನ, ಪಂಗಡವೇ ಇರಲಿಲ್ಲ. ಎಲ್ಲರೂ ರೋಮಿನ ಪೋಪನಿಗೆ ಸೇರಿದವರು. 1534ರಲ್ಲಿ ಎಂಟನೇ ಹೆನ್ರಿ ಪೋಪನ ಸಂಬಂಧ ಕಡಿದುಕೊಂಡು ತಾನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥ ಅಂತ ಕಾನೂನು ಮಾಡಿಸಿದ. ಕಟ್ಟಡ ಅದೇ, ಊರು ಅದೇ, ಪೂಜೆಯ ರೀತಿ ಬದಲಾಯಿತು. ಚರ್ಚಿನೊಳಗೆ ಕಾಣುವ ಅರ್ಧಕ್ಕರ್ಧ ವಿಚಿತ್ರಗಳಿಗೆ ಉತ್ತರ ಈ ಬದಲಾವಣೆಯಲ್ಲಿದೆ.

ಕೈಯಲ್ಲಿ ಜಾಸ್ತಿ ಏನೂ ಬೇಡ. ಒಂದು ಬೈನಾಕ್ಯುಲರ್, ಒಂದು ಸಣ್ಣ ಟಾರ್ಚ್, ಒಂದು ನೋಟ್ ಬುಕ್ಕು, ಪೆನ್ಸಿಲ್. ಬೇಸಿಗೆಯಲ್ಲೂ ಸ್ವೆಟರ್ ಇರಲಿ. ಹೊರಗೆ ಬಿಸಿಲಿದ್ದರೂ ಒಳಗಿನ ಕಲ್ಲು ತಣ್ಣಗಿರುತ್ತದೆ.

ಹೊರಗೆ ಒಂದು ಸುತ್ತು

ಕಿಲ್ಪೆಕ್ ಹೆರೆಫರ್ಡ್‌ನಿಂದ ನೈಋತ್ಯಕ್ಕೆ ಸುಮಾರು ಒಂಬತ್ತು ಮೈಲಿ. ಅಬರ್ಗವೆನ್ನಿಗೆ ಹೋಗುವ ಎ465 ರಸ್ತೆಯಲ್ಲಿ ಹೋಗಿ ಸಣ್ಣ ದಾರಿಗೆ ತಿರುಗಬೇಕು. ವೇಲ್ಸ್ ಗಡಿ ಅಲ್ಲಿಗೆ ಹತ್ತಿರ. ಚರ್ಚು ಚಿಕ್ಕದು. ನಮ್ಮೂರ ಕಡೆಯ ಒಂದು ಸಾಧಾರಣ ದೇವಸ್ಥಾನದಷ್ಟೇ. ಕೆಂಪು ಮರಳುಗಲ್ಲಿನದು. ಸಂತ ಮೇರಿ ಮತ್ತು ವೇಲ್ಸಿನ ಸಂತ ಡೇವಿಡ್ ಇಬ್ಬರ ಹೆಸರಿನಲ್ಲಿದೆ. ಕಟ್ಟಿದ್ದು 1140ರ ಆಸುಪಾಸಿನಲ್ಲಿ. ಕಟ್ಟಿಸಿದವನು ಅಲ್ಲಿನ ನಾರ್ಮನ್ ಜಹಗೀರುದಾರ ಹ್ಯೂ. ನಾರ್ಮನ್ನರು ಅಂದರೆ 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದವರು. 1143ರಲ್ಲಿ ಅವನು ಈ ಚರ್ಚನ್ನು ಗ್ಲಾಸ್ಟರಿನ ಮಠಕ್ಕೆ ದಾನ ಕೊಟ್ಟ. ಪಕ್ಕದಲ್ಲೇ ಅವನ ಕೋಟೆಯ ದಿಬ್ಬ ಇದೆ. ಅದರ ಮೇಲೆ ಈಗ ಗೋಡೆಯ ಎರಡು ತುಂಡು ಉಳಿದಿವೆ, ಅಷ್ಟೇ.

1140 ಅಂದ ತಕ್ಷಣ ಅಪ್ಪ ನಿಂತುಬಿಟ್ಟರು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117. ಹಳೇಬೀಡಿನ ಕೆಲಸ ಶುರುವಾಗಿದ್ದು 1121ರ ಹೊತ್ತಿಗೆ. "ಅಲ್ಲಿ ವಿಷ್ಣುವರ್ಧನನ ಶಿಲ್ಪಿಗಳು ಉಳಿ ಹಿಡಿದಿದ್ದ ಕಾಲಕ್ಕೇ ಇಲ್ಲೂ ಯಾರೋ ಉಳಿ ಹಿಡಿದಿದ್ದರು, ಅಲ್ವಾ ಪುಟ್ಟಿ?" ಅಂದರು. ಹೌದು. ಈ ಎರಡು ಕಡೆಯವರಿಗೆ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲಿಲ್ಲ. ಹೋಲಿಕೆ ಕಂಡಾಗ ಖುಷಿಪಡಿ. ಯಾರು ಯಾರಿಂದ ಕಲಿತರು ಅಂತ ಕಥೆ ಮಾತ್ರ ಕಟ್ಟಬೇಡಿ.

ಸುತ್ತು ಹಾಕುವಾಗ ಮೊದಲು ದಿಕ್ಕು ಗುರುತಿಸಿಕೊಳ್ಳಿ. ಚರ್ಚಿನ ಮುಖ್ಯ ತುದಿ ಪೂರ್ವಕ್ಕೆ. ಅಲ್ಲೇ ಪೂಜೆಯ ಮೇಜು. ಜನ ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥನೆ ಮಾಡುತ್ತಾರೆ. ನಮ್ಮ ದೇವಸ್ಥಾನಗಳಲ್ಲಿ ಸಾಮಾನ್ಯವಾಗಿ ದೇವರು ಪೂರ್ವಕ್ಕೆ ನೋಡುತ್ತಾನೆ, ನಾವು ಪಶ್ಚಿಮಕ್ಕೆ. ಇಲ್ಲಿ ತಿರುಗುಮುರುಗು. ಸಮಾಧಿಗಳೂ ಹಾಗೇ, ಕಾಲು ಪೂರ್ವಕ್ಕೆ. ಕೊನೆಯ ದಿನ ಎದ್ದು ಕೂತರೆ ಸೂರ್ಯ ಹುಟ್ಟುವ ಕಡೆ ಮುಖ ಇರಲಿ ಅಂತ.

ಆಮೇಲೆ ತಲೆ ಎತ್ತಿ. ಸೂರಿನ ಕೆಳಗೆ ಗೋಡೆಯಿಂದ ಮೊಣಕೈಯಷ್ಟು ಹೊರಗೆ ಚಾಚಿದ ಕಲ್ಲುಗಳ ಸಾಲು ಇದೆ. ಕಾರ್ಬೆಲ್ ಅನ್ನುತ್ತಾರೆ. ಕೆಲಸ ಏನೂ ದೊಡ್ಡದಲ್ಲ, ಮೇಲಿನ ಕಲ್ಲಿನ ಪಟ್ಟಿಗೆ ಆಸರೆ. ಆದರೆ ಕಿಲ್ಪೆಕ್‌ನಲ್ಲಿ ಒಂದೊಂದರ ಮೇಲೂ ಒಂದೊಂದು ಕೆತ್ತನೆ. ಈಗ 85 ಉಳಿದಿವೆ. ಬೈನಾಕ್ಯುಲರ್ ಬೇಕು ಅಂದಿದ್ದು ಇದಕ್ಕೆ. ಕುಸ್ತಿಯೋ ಕುಣಿತವೋ ಗೊತ್ತಾಗದ ಹಾಗೆ ತಬ್ಬಿಕೊಂಡ ಇಬ್ಬರು. ತಂತಿವಾದ್ಯ ನುಡಿಸುವವನು. ಟಗರಿನ ತಲೆ. ಶಿಲುಬೆ ಹೊತ್ತ ಕುರಿಮರಿ. ಅದು ಕ್ರಿಸ್ತನ ಗುರುತು, ಆದರೆ ನೋಡೋಕೆ ಕುದುರೆಮರಿಯ ಹಾಗಿದೆ. ಧರ್ಮಕ್ಕೆ ಸೇರಿದ್ದು ಕೆಲವೇ ಕೆಲವು. ಮಿಕ್ಕಿದ್ದೆಲ್ಲ ಪ್ರಾಣಿ, ಹಕ್ಕಿ, ಭೂತದ ಮುಖ, ಮನುಷ್ಯರ ಚೇಷ್ಟೆ.

ನನಗೆ ಇಷ್ಟವಾದದ್ದು ನಾಯಿ ಮತ್ತು ಮೊಲದ ಕಲ್ಲು. ಎರಡೂ ಪಕ್ಕಪಕ್ಕ ಕೂತಿವೆ. ನಾಯಿಯ ಕಿವಿ ಜೋತಿದೆ, ಕಣ್ಣು ಉರುಟು. ಮೊಲದ್ದೂ ಅದೇ ಉರುಟು ಕಣ್ಣು. ಒಂದು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗಬೇಕಾದದ್ದು, ಇಲ್ಲಿ ಅಣ್ಣತಮ್ಮಂದಿರ ಹಾಗೆ ಅಂಟಿಕೊಂಡಿವೆ. ಅಪ್ಪ ಅದರ ಮುಂದೆ ಕೂತು ಚಿತ್ರ ಬರೆದರು. ಮುಕ್ಕಾಲು ಗಂಟೆ ಹಿಡಿಯಿತು. ಮುಗಿದ ಮೇಲೆ ಹೇಳಿದ್ದು ಇಷ್ಟು: "ಬೇಲೂರಿನಲ್ಲಿ ಶಿಲ್ಪಿ ಸರದ ಒಂದೊಂದು ಮಣಿಯನ್ನೂ ಬಿಡಿಸುತ್ತಾನೆ. ಬಳಪದ ಕಲ್ಲು ಅದಕ್ಕೆ ಒಗ್ಗುತ್ತದೆ. ಇವನು ನಾಲ್ಕೇ ಏಟಿನಲ್ಲಿ ನಾಯಿ ತೋರಿಸಿದ್ದಾನೆ. ಮರಳುಗಲ್ಲಿನಲ್ಲಿ ಎಷ್ಟು ಬೇಕೋ ಅಷ್ಟೇ." ನಾನು ಆ ಕಲ್ಲಿನ ಹತ್ತಾರು ಫೋಟೋ ತೆಗೆದಿದ್ದೆ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಾಗಾಗಿ ನಿಮಗೂ ಹೇಳುತ್ತೇನೆ, ಚಿತ್ರ ಬರೆಯಲು ಬರಲಿ ಬಾರದಿರಲಿ, ಪ್ರತಿ ಚರ್ಚಿನಲ್ಲೂ ಒಂದೇ ಒಂದು ವಸ್ತುವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಗೀಟು ಹೇಗೇ ಬರಲಿ, ಕಣ್ಣು ನಿಲ್ಲುತ್ತದೆ.

ಈ ಕಾರ್ಬೆಲ್‌ಗಳಲ್ಲಿ ಇನ್ನೊಂದು ಕಲ್ಲಿದೆ. ಹೆಣ್ಣೊಬ್ಬಳು ಎರಡೂ ಕೈಯಿಂದ ತನ್ನ ಯೋನಿಯನ್ನು ಅಗಲಿಸಿ ತೋರಿಸುತ್ತಿದ್ದಾಳೆ. ಶೀಲಾ ನಾ ಗಿಗ್ ಅನ್ನುತ್ತಾರೆ. ಐರ್ಲೆಂಡ್, ಬ್ರಿಟನ್ನಿನ ಹಳೆಯ ಚರ್ಚುಗಳಲ್ಲಿ, ಕೋಟೆಗಳಲ್ಲಿ ಈ ರೂಪ ಅಲ್ಲಲ್ಲಿ ಇದೆ. ಕಿಲ್ಪೆಕ್‌ನದು ಎಲ್ಲಕ್ಕಿಂತ ಪ್ರಸಿದ್ಧ. ಅಪ್ಪನಿಗೆ ಹೇಗೆ ತೋರಿಸುವುದು ಅಂತ ನಾನು ಸುಮ್ನೆ ಮುಂದೆ ಹೋಗಿದ್ದೆ. ಅವರೇ ಬೈನಾಕ್ಯುಲರ್ ಹಿಡಿದು ನಿಂತು, "ಬಾದಾಮಿ ಮ್ಯೂಸಿಯಂನ ಲಜ್ಜಾಗೌರಿ ನೆನಪಾಯಿತು" ಅಂದರು. ಲಜ್ಜಾಗೌರಿಗೆ ತಲೆಯ ಜಾಗದಲ್ಲಿ ಕಮಲ, ದುಂಡು ಮೈ, ಅವಳು ಪೂಜೆಗೊಳ್ಳುವ ತಾಯಿ. ಇವಳಿಗೆ ದೊಡ್ಡ ಬೋಳು ತಲೆ, ಕಡ್ಡಿಯಂಥ ಮೈ. ಇವಳನ್ನು ಕೆತ್ತಿದ್ದು ಕಾಮದ ಪಾಪಕ್ಕೆ ಎಚ್ಚರಿಕೆ ಅಂತ ಕೆಲವು ವಿದ್ವಾಂಸರು, ಕೆಟ್ಟ ದೃಷ್ಟಿ ತಡೆಯಲು ಅಂತ ಇನ್ನು ಕೆಲವರು, ಹೆರಿಗೆಗೆ ಕಾಪು ಅಂತ ಮತ್ತೆ ಕೆಲವರು. ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ನನ್ನ ಮನಸ್ಸು ಮೂರನೆಯ ಕಡೆಗೆ ವಾಲುತ್ತದೆ. ಮಕ್ಕಳ ಜೊತೆ ಹೋದರೆ ಮುಚ್ಚಿಡಬೇಡಿ. ಕೇಳಿದರೆ ನೇರವಾಗಿ ಹೇಳಿ.

ಪಶ್ಚಿಮದ ಗೋಡೆಯಲ್ಲಿ ಬಾಯಿ ತೆರೆದ ಡ್ರ್ಯಾಗನ್ ತಲೆಗಳು ಹೊರಗೆ ಚಾಚಿವೆ. ನಾಲಿಗೆ ಸುರುಳಿ ಸುತ್ತಿದೆ. ನಾರ್ವೆ ಕಡೆಯ ಮರದ ಕೆತ್ತನೆಯ ನೆನಪು ಇದರಲ್ಲಿದೆ ಅನ್ನುತ್ತಾರೆ. ನಾರ್ಮನ್ನರ ಮುತ್ತಜ್ಜಂದಿರು ಅಲ್ಲಿಂದ ಬಂದವರೇ ತಾನೇ.

ಬಾಗಿಲ ಮುಂದೆ ಕೂತು ನೋಡಿ

ದಕ್ಷಿಣದ ಬಾಗಿಲು ಈ ಚರ್ಚಿನ ಪ್ರಾಣ. ಇಲ್ಲಿ ಹತ್ತು ನಿಮಿಷ ಕೊಡಿ. ನಿಂತು ಅಲ್ಲ, ಕೂತು.

ಬಾಗಿಲ ಮೇಲೆ ಅರ್ಧಚಂದ್ರದ ಕಲ್ಲು. ಅದರಲ್ಲಿ ಬಳ್ಳಿಯಂಥ ಮರ, ಅದಕ್ಕೆ ಗೊಂಚಲು. ಜೀವವೃಕ್ಷ ಅಂತ ಕರೆಯುತ್ತಾರೆ. ಅದರ ಸುತ್ತ ಕಮಾನಿನಲ್ಲಿ ಒಂದರ ಪಕ್ಕ ಒಂದು ಪ್ರಾಣಿ, ಹಕ್ಕಿ, ವಿಚಿತ್ರ ಮುಖ. ಎಡಗಡೆ ಕಂಬದಲ್ಲಿ ಬಳ್ಳಿಗಳ ನಡುವೆ ಇಬ್ಬರು ಯೋಧರು, ಒಬ್ಬನ ಮೇಲೊಬ್ಬ. ಅವರ ಬಟ್ಟೆ ನೋಡಿ. ಉದ್ದ ಪೈಜಾಮ, ಚೂಪು ಟೋಪಿ. ಆ ಕಾಲದ ಚರ್ಚಿನ ಕೆತ್ತನೆಯಲ್ಲಿ ಪೈಜಾಮ ಹಾಕಿದ ಮನುಷ್ಯರು ಅಪರೂಪ. ಹೊರ ಅಂಚುಗಳಲ್ಲಿ ಹಾವುಗಳು ತಲೆಕೆಳಗಾಗಿ ಇಳಿದಿವೆ. ಬಲಗಡೆ ಕಂಬದ ತುದಿಯಲ್ಲಿ ಒಂದು ಮುಖ, ಅದರ ಬಾಯಿಂದ ಬಳ್ಳಿ ಹೊರಟು ಎರಡೂ ಕಡೆ ಹರಡಿದೆ. ಇಂಥ ಮುಖಕ್ಕೆ ಗ್ರೀನ್ ಮ್ಯಾನ್ ಅನ್ನುತ್ತಾರೆ. ನಮ್ಮ ಕೀರ್ತಿಮುಖ ನೋಡಿದವರಿಗೆ ಇದು ಗುರುತಿನ ಮುಖ ಅನಿಸದೇ ಇರುವುದಿಲ್ಲ.

ಬೆಳಕು ಮುಖ್ಯ. ನಡುಮಧ್ಯಾಹ್ನದ ಬೆಳಕಿನಲ್ಲಿ ಕೆತ್ತನೆ ಚಪ್ಪಟೆ ಕಾಣುತ್ತದೆ. ಸಂಜೆಯ ಓರೆ ಬಿಸಿಲಿಗೆ ಹೋಗಿ. ಮೋಡ ಕವಿದಿದ್ದರೆ ಟಾರ್ಚನ್ನು ಕಲ್ಲಿಗೆ ನೇರ ಹಿಡಿಯಬೇಡಿ. ಪಕ್ಕದಿಂದ, ಗೋಡೆಗೆ ಸವರಿದ ಹಾಗೆ ಹಿಡಿಯಿರಿ. ನೆರಳು ಬಿದ್ದ ಕೂಡಲೇ ಗೀಟುಗಳು ಎದ್ದು ನಿಲ್ಲುತ್ತವೆ. ಈ ಉಪಾಯ ಬೇರೆ ಚರ್ಚುಗಳಲ್ಲೂ ಉಪಯೋಗಕ್ಕೆ ಬರುತ್ತದೆ. ದಕ್ಷಿಣ ಬಾಗಿಲ ಪಕ್ಕದ ಕಲ್ಲಿನಲ್ಲಿ ಕೆಲವು ಕಡೆ ಒಂದು ತೂತು, ಅದರಿಂದ ಕೆಳಗೆ ಬೀಸಣಿಗೆಯ ಹಾಗೆ ಗೀಟುಗಳು ಇರುತ್ತವೆ. ತೂತಿಗೆ ಕಡ್ಡಿ ಸಿಕ್ಕಿಸಿ, ನೆರಳು ನೋಡಿ ಪೂಜೆಯ ಹೊತ್ತು ತಿಳಿಯುತ್ತಿದ್ದರು. ಗಡಿಯಾರ ಇಲ್ಲದ ಕಾಲದ ಗಡಿಯಾರ. ಕಲ್ಲನ್ನು ಮುಟ್ಟಬೇಡಿ, ಮಕ್ಕಳಿಗೂ ಹೇಳಿ. ಮರಳುಗಲ್ಲು ಉದುರುತ್ತದೆ.

ಉದುರಿದರೆ ಏನಾಗುತ್ತದೆ ಅಂತ ನೋಡಬೇಕಾದರೆ ಶಾಬ್ಡನ್‌ಗೆ ಹೋಗಿ. ಅದೂ ಹೆರೆಫರ್ಡ್‌ಶೈರಿನಲ್ಲೇ ಇದೆ. ಕಿಲ್ಪೆಕ್‌ನಂಥದೇ ಕೆತ್ತನೆಯ ಚರ್ಚು ಅಲ್ಲಿತ್ತು. ಅದನ್ನು ಕಟ್ಟಿಸಿದ ಆಲಿವರ್ ಡಿ ಮರ್ಲಿಮಾಂಡ್ ಸ್ಪೇನಿನ ಸಾಂಟಿಯಾಗೊ ಡಿ ಕಾಂಪೊಸ್ಟೆಲಾಕ್ಕೆ ಯಾತ್ರೆ ಹೋಗಿ ಬಂದವನು. ದಾರಿಯಲ್ಲಿ ಕಂಡ ಚರ್ಚುಗಳ ಕೆತ್ತನೆ ಇಲ್ಲಿನ ಕೆಲಸಕ್ಕೆ ಪ್ರೇರಣೆ ಆಗಿರಬೇಕು ಅಂತ ವಿದ್ವಾಂಸರ ಅಭಿಪ್ರಾಯ. ಈ ಸುತ್ತಿನ ಶಿಲ್ಪಿಗಳನ್ನು ಹೆರೆಫರ್ಡ್‌ಶೈರ್ ಸ್ಕೂಲ್ ಅಂತ ಒಟ್ಟಾಗಿ ಕರೆಯುತ್ತಾರೆ. ಬೇಲೂರಿನಲ್ಲಿ ದಾಸೋಜ, ಚಾವಣ ಅಂತ ಶಿಲ್ಪಿಗಳು ಕಲ್ಲಿನ ಮೇಲೆ ಹೆಸರು ಬರೆದಿದ್ದಾರೆ. ಇವರು ಬರೆದಿಲ್ಲ. 1750ರ ದಶಕದಲ್ಲಿ ಶಾಬ್ಡನ್‌ನ ಹಳೆಯ ಚರ್ಚನ್ನು ಕೆಡವಿ ಹೊಸದು ಕಟ್ಟಿದರು. ಹಳೆಯ ಕಮಾನುಗಳನ್ನು ಒಯ್ದು ದಿಬ್ಬದ ಮೇಲೆ ಅಲಂಕಾರಕ್ಕೆ ನಿಲ್ಲಿಸಿದರು. ಇನ್ನೂರೈವತ್ತಕ್ಕೂ ಜಾಸ್ತಿ ವರ್ಷ ಮಳೆ, ಹಿಮ ತಿಂದು ಅಲ್ಲಿನ ಮುಖಗಳೆಲ್ಲ ಸವೆದಿವೆ. ಅಲ್ಲಿ ನಿಂತಾಗ ನನಗೆ ಹೊಟ್ಟೆ ಉರಿಯಿತು.

ಒಳಗೆ

ಅಪ್ಪ ಬಾಗಿಲ ಹತ್ತಿರ ಶೂ ಬಿಚ್ಚಿದರು. ಬೇಕಾಗಿಲ್ಲ ಅಪ್ಪಾ ಅಂದೆ. "ನನಗೆ ಬೇಕು" ಅಂದರು. ನೀವು ಶೂ ಹಾಕಿಕೊಂಡೇ ಹೋಗಬಹುದು. ಹೊಲದಲ್ಲಿ ನಡೆದು ಬಂದ ಕೆಸರಿನ ಬೂಟು ಮಾತ್ರ ಹೊರಗೆ ಬಿಡಿ, ಇಲ್ಲಿನವರೂ ಹಾಗೇ ಮಾಡುತ್ತಾರೆ. ಟೋಪಿ ಹಾಕಿದ ಗಂಡಸರು ಟೋಪಿ ತೆಗೆಯುವುದು ವಾಡಿಕೆ. ಪ್ರಾರ್ಥನೆ ನಡೆಯುತ್ತಿದ್ದರೆ ಹೊರಗೆ ಕಾಯಿರಿ, ಇಲ್ಲವೇ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಯಾರೂ ಏನೂ ಕೇಳುವುದಿಲ್ಲ.

ಒಳಗೆ ಬಂದ ಮೇಲೆ ಪಶ್ಚಿಮದ ತುದಿಗೆ ಹೋಗಿ ನಿಂತು ಪೂರ್ವಕ್ಕೆ ನೋಡಿ. ಕಿಲ್ಪೆಕ್‌ನಲ್ಲಿ ಮೂರು ಕೋಣೆ ಒಂದರ ಹಿಂದೆ ಒಂದು. ಜನ ಕೂರುವ ನೇವ್, ಅದರಾಚೆ ಪಾದ್ರಿಗಳ ಚಾನ್ಸೆಲ್, ಕೊನೆಗೆ ಅರ್ಧವೃತ್ತದ ಏಪ್ಸ್. ನವರಂಗ, ಸುಕನಾಸಿ, ಗರ್ಭಗುಡಿ ಅಂದುಕೊಳ್ಳಿ, ಕೂಡಲೇ ಅರ್ಥವಾಗುತ್ತದೆ. ಒಳಗೆ ಹೋದ ಹಾಗೆ ಕೋಣೆ ಕಿರಿದಾಗುತ್ತದೆ. ಹಿಂದಿನ ಕಾಲದಲ್ಲಿ ಚಾನ್ಸೆಲ್ಲಿನ ರಿಪೇರಿ ಖರ್ಚು ಪಾದ್ರಿಯದು, ನೇವ್‌ನ ಖರ್ಚು ಊರಿನವರದು. ಅದಕ್ಕೇ ಎಷ್ಟೋ ಚರ್ಚುಗಳಲ್ಲಿ ಈ ಎರಡು ಭಾಗ ಬೇರೆ ಬೇರೆ ಕಾಲದ್ದಾಗಿ ಕಾಣುತ್ತವೆ. ಊರಿಗೆ ದುಡ್ಡು ಬಂದಾಗ ನೇವ್ ದೊಡ್ಡದಾಗಿದೆ, ಚಾನ್ಸೆಲ್ ಹಾಗೇ ಉಳಿದಿದೆ.

ಚಾನ್ಸೆಲ್ಲಿಗೆ ಹೋಗುವ ಕಮಾನಿನ ಎರಡೂ ಕಡೆ ಮೂರು ಮೂರು ಸಂತರು, ಒಬ್ಬರ ತಲೆಯ ಮೇಲೆ ಒಬ್ಬರು ನಿಂತಿದ್ದಾರೆ. ಬೀಗದ ಕೈ ಹಿಡಿದವರು ಪೀಟರ್. ಏಪ್ಸ್‌ನ ಚಾವಣಿಯಲ್ಲಿ ಕಲ್ಲಿನ ಪಟ್ಟಿಗಳ ಮೇಲೆ ಗರಗಸದ ಹಲ್ಲಿನಂಥ ಅಂಕುಡೊಂಕು ಗೀಟು. ನಾರ್ಮನ್ನರಿಗೆ ಈ ಅಂಕುಡೊಂಕು ಅಂದರೆ ಪ್ರೀತಿ. ಎಲ್ಲಿ ಕಂಡರೂ 12ನೇ ಶತಮಾನ ಅಂತ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಬಾಗಿಲ ಹತ್ತಿರ ಮಕ್ಕಳಿಗೆ ಹೆಸರಿಡುವಾಗ ನೀರು ಹಾಕುವ ದೊಡ್ಡ ಕಲ್ಲಿನ ಬೋಗುಣಿ ಇರುತ್ತದೆ. ಯಾವ ಚರ್ಚಿನಲ್ಲಾದರೂ ಇದನ್ನು ತಪ್ಪದೆ ನೋಡಿ. ಕಟ್ಟಡವನ್ನೆಲ್ಲ ಹೊಸದಾಗಿ ಕಟ್ಟಿದಾಗಲೂ ಬೋಗುಣಿಯನ್ನು ಎಸೆಯುತ್ತಿರಲಿಲ್ಲ. ಎಷ್ಟೋ ಕಡೆ ಊರಿನ ಅತಿ ಹಳೆಯ ವಸ್ತು ಅದೇ.

ಕಾಲ ಗುರುತಿಸಲು ಕಿಟಕಿ ಸಾಕು

ಕಮಾನಿನ ಮೇಲ್ಭಾಗ ದುಂಡಗಿದ್ದರೆ ನಾರ್ಮನ್. 1066ರಿಂದ ಸುಮಾರು 1190ರ ತನಕ. ಕಿರಿದಾಗಿ, ಎತ್ತರವಾಗಿ, ತುದಿ ಚೂಪಾಗಿದ್ದರೆ 13ನೇ ಶತಮಾನ. ಕಿಟಕಿಯ ಮೇಲ್ಭಾಗದಲ್ಲಿ ಕಲ್ಲು ಎಲೆಯ ಹಾಗೆ, ಜ್ವಾಲೆಯ ಹಾಗೆ ಬಳುಕಿದ್ದರೆ 1350ರ ಒಳಗಿನದು. ಅಗಲ ಕಿಟಕಿ, ಉದ್ದುದ್ದ ನೇರ ಕಂಬಿಗಳು, ಚಪ್ಪಟೆ ಕಮಾನು ಇದ್ದರೆ 1350ರಿಂದ 1530ರ ಕಾಲ. ನಡುವೆ 1348ರಲ್ಲಿ ಮಹಾಮಾರಿ ಪ್ಲೇಗ್ ಬಂದು ಊರೂರೇ ಖಾಲಿಯಾದವು. ಬಳುಕುವ ಗೀಟು ಹೋಗಿ ನೇರ ಗೀಟು ಬಂದಿದ್ದಕ್ಕೆ ಕೆಲಸಗಾರರು ಸತ್ತಿದ್ದೂ ಒಂದು ಕಾರಣ ಅಂತ ಹಿಂದೆಲ್ಲ ಹೇಳುತ್ತಿದ್ದರು. ಆದರೆ ಗ್ಲಾಸ್ಟರ್ ಕೆಥೆಡ್ರಲ್‌ನಲ್ಲಿ ಪ್ಲೇಗಿಗೆ ಮೊದಲೇ ಈ ಶೈಲಿ ಶುರುವಾಗಿತ್ತು.

ಒಂದು ಎಚ್ಚರ. 19ನೇ ಶತಮಾನದಲ್ಲಿ ವಿಕ್ಟೋರಿಯಾ ಕಾಲದವರು ಸಾವಿರಾರು ಚರ್ಚುಗಳನ್ನು ರಿಪೇರಿ ಮಾಡಿದರು, ಎಲ್ಲ ಕಾಲದ ಶೈಲಿಯನ್ನೂ ನಕಲು ಮಾಡಿದರು. ಕಲ್ಲಿನ ಅಂಚು ಚೂಪಾಗಿ, ಎಲ್ಲ ಒಂದೇ ಅಳತೆಯಲ್ಲಿ, ಎಲ್ಲೂ ಸವೆಯದೆ ಇದ್ದರೆ ಅನುಮಾನ ಪಡಿ. ಈ ಅತಿ ರಿಪೇರಿಗೆ ರೋಸಿಹೋಗಿಯೇ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡ ಉಳಿಸುವ ಸಂಘ ಕಟ್ಟಿದ. ಹಳೆಯದನ್ನು ಹೊಸದರ ಹಾಗೆ ಮಾಡಬೇಡಿ, ದಿನದಿನ ಕಾಪಾಡಿಕೊಳ್ಳಿ ಅನ್ನುವುದು ಅವನ ವಾದ. ನಮ್ಮೂರಿನ ಹಳೆಯ ಗುಡಿಗಳಿಗೆ ಟೈಲ್ಸ್ ಹಾಕಿ ಆಯಿಲ್ ಪೇಂಟ್ ಬಳಿಯುವುದನ್ನು ನೋಡಿದಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.

ತೊಲೆಗಳನ್ನೂ ನೋಡಿ. ಮರ ಎಲ್ಲಿಂದ ಬಂತು ಅನ್ನೋದು ಒಳ್ಳೆಯ ಪ್ರಶ್ನೆ. ಇಲ್ಲಿ ಸಾಮಾನ್ಯವಾಗಿ ಸುತ್ತಲಿನ ಓಕ್. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದವರು ಇದೇ ಪ್ರಶ್ನೆ ಕೇಳಬೇಕು. 1831ರಲ್ಲಿ ಬಾಗಿಲು ತೆರೆದ ಆ ಆಂಗ್ಲಿಕನ್ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಕಿತ್ತು ತಂದವು.

ಗೋಡೆಯಲ್ಲಿ ಏನು ಇಲ್ಲ ಅಂತ ಹುಡುಕಿ

ಇದು ಬೇಲೂರಿನ ಅಭ್ಯಾಸದಿಂದ ಬರುವವರಿಗೆ ಹೊಸ ಪಾಠ. ಅಲ್ಲಿ ಇರುವುದನ್ನು ನೋಡುತ್ತೇವೆ. ಇಲ್ಲಿ ಇಲ್ಲದ್ದನ್ನೂ ನೋಡಬೇಕು.

ಮೊದಲು ಈ ಗೋಡೆಗಳು ಬೆಳ್ಳಗೆ ಇರಲಿಲ್ಲ. ಬಣ್ಣಬಣ್ಣದ ಚಿತ್ರಗಳಿದ್ದವು. ಚಾನ್ಸೆಲ್ಲಿನ ಮುಂದೆ ಮರದ ಜಾಲಂಧ್ರದ ತೆರೆ, ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಶಿಲುಬೆಗೇರಿದ ಕ್ರಿಸ್ತನ ದೊಡ್ಡ ಮೂರ್ತಿ. ಹೆನ್ರಿಯ ಮಗ ಆರನೇ ಎಡ್ವರ್ಡ್‌ನ ಕಾಲದಲ್ಲಿ, ಅಂದರೆ 1547ರಿಂದ 1553ರ ಒಳಗೆ, ಮೂರ್ತಿಗಳನ್ನು ಇಳಿಸಿದರು, ಚಿತ್ರಗಳ ಮೇಲೆ ಸುಣ್ಣ ಬಳಿದರು, ಕಲ್ಲಿನ ಪೂಜಾಪೀಠ ತೆಗೆದು ಮರದ ಮೇಜು ಇಟ್ಟರು. ಮುಂದೆ 1640ರ ದಶಕದ ಅಂತರ್ಯುದ್ಧದಲ್ಲಿ ಇನ್ನಷ್ಟು ಒಡೆದರು.

ಗುರುತು ಹೀಗೆ ಹುಡುಕಿ. ಗೋಡೆಯ ಎತ್ತರದಲ್ಲಿ ಎಲ್ಲಿಗೂ ಹೋಗದ ಒಂದು ಪುಟ್ಟ ಬಾಗಿಲು ಕಂಡರೆ, ಅದು ಆ ಅಟ್ಟಕ್ಕೆ ಹತ್ತುತ್ತಿದ್ದ ದಾರಿ. ಅಟ್ಟ ಹೋಗಿದೆ, ಬಾಗಿಲು ಉಳಿದಿದೆ. ಮೊದಲ ಸಲ ನೋಡಿದಾಗ ನನ್ನ ಮೈ ಜುಂ ಅಂದಿತ್ತು. ಪೂಜೆಯ ಮೇಜಿನ ಬಲಗಡೆ ಗೋಡೆಯಲ್ಲಿ ಸಣ್ಣ ಗೂಡು, ತಳದಲ್ಲಿ ತೂತು ಇದ್ದರೆ ಅದು ಪಿಸ್ಕೀನಾ, ಪಾದ್ರಿ ಪೂಜೆಯ ಪಾತ್ರೆ ತೊಳೆದ ನೀರು ಬಿಡುತ್ತಿದ್ದ ಜಾಗ. ಮೂರ್ತಿ ಇಲ್ಲದ ಖಾಲಿ ಗೂಡುಗಳು, ತಲೆ ಇಲ್ಲದ ದೇವದೂತರು ಇದೇ ಕಥೆ ಹೇಳುತ್ತಾರೆ.

ಮೂರ್ತಿ ಇಳಿದ ಜಾಗಕ್ಕೆ ಎಷ್ಟೋ ಕಡೆ ರಾಜಲಾಂಛನದ ಹಲಗೆ ಬಂತು. ಸಿಂಹ, ಯೂನಿಕಾರ್ನ್. ಚರ್ಚಿನ ಯಜಮಾನ ಯಾರು ಅಂತ ಊರಿಗೆ ನೆನಪಿಸಲು. ಅದರ ಕಾಲ ಹೇಳಲು ಒಂದು ಸುಲಭ ದಾರಿ ಇದೆ. ಗುರಾಣಿಯಲ್ಲಿ ಫ್ರಾನ್ಸಿನ ಲಿಲ್ಲಿ ಹೂವು ಇದ್ದರೆ 1801ಕ್ಕಿಂತ ಹಳೆಯದು. ಆ ವರ್ಷ ಇಂಗ್ಲೆಂಡಿನ ರಾಜರು ಫ್ರಾನ್ಸಿನ ಮೇಲಿನ ಹಕ್ಕಿನ ಮಾತು ಬಿಟ್ಟು ಹೂವನ್ನೂ ತೆಗೆದರು.

ಒಂದು ದಿನದ ದಾರಿ

ಕಾರು ಇದ್ದರೆ ಒಂದೇ ದಿನದಲ್ಲಿ ಮೂರು ಚರ್ಚು ನೋಡಬಹುದು. ಮೂರಕ್ಕಿಂತ ಜಾಸ್ತಿ ಬೇಡ, ಕಣ್ಣು ಸೋಲುತ್ತದೆ. ಬೆಳಿಗ್ಗೆ ಆಬೆ ಡೋರ್. ಅದು ಸಿಸ್ಟರ್ಷಿಯನ್ ಸನ್ಯಾಸಿಗಳ ದೊಡ್ಡ ಮಠ. 1536ರಲ್ಲಿ ಹೆನ್ರಿ ಅದನ್ನು ಮುಚ್ಚಿಸಿದ. ಪಾಳುಬಿದ್ದಿದ್ದ ಅದನ್ನು 1630ರ ದಶಕದಲ್ಲಿ ಲಾರ್ಡ್ ಸ್ಕುಡಮೋರ್ ಎತ್ತಿ ನಿಲ್ಲಿಸಿ ಊರಿನ ಚರ್ಚು ಮಾಡಿದ. ಬಡಗಿ ಜಾನ್ ಏಬಲ್ ಮಾಡಿದ ಓಕ್ ಮರದ ತೆರೆ ಇವತ್ತಿಗೂ ಗಟ್ಟಿಯಾಗಿದೆ. ಹೊರಗೆ ನಿಂತರೆ ಬಿದ್ದುಹೋದ ನೇವ್‌ನ ಗುರುತು ಹುಲ್ಲಿನಲ್ಲಿ ಕಾಣುತ್ತದೆ.

ಅಲ್ಲಿಂದ ಬೆಟ್ಟ ಹತ್ತಿ ಸೇಂಟ್ ಮಾರ್ಗರೆಟ್ಸ್. ಹೊಲಗಳ ನಡುವೆ ಒಂದು ಪುಟ್ಟ ಚರ್ಚು. ಒಳಗೆ 1520ರ ಸುಮಾರಿನ ಮರದ ತೆರೆ, ಅಟ್ಟದ ಸಮೇತ ಉಳಿದಿದೆ. ಬೇರೆ ಕಡೆ ಎಲ್ಲಿಗೂ ಹೋಗದ ಬಾಗಿಲು ನೋಡಿದ್ದೀರಲ್ಲ, ಅದು ಎಲ್ಲಿಗೆ ಹೋಗುತ್ತಿತ್ತು ಅಂತ ಇಲ್ಲಿ ತಿಳಿಯುತ್ತದೆ. ಮರದಲ್ಲಿ ಎಲೆ, ಬಳ್ಳಿಯ ಕೆತ್ತನೆ ಎಷ್ಟು ಸಣ್ಣದು ಅಂದರೆ ಅಪ್ಪ ಕನ್ನಡಕ ಹಣೆಗೆ ಏರಿಸಿ, ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ಅಧಿಕಾರದಲ್ಲಿದ್ದವರ ಕಣ್ಣು ತಪ್ಪಿಸಿಕೊಂಡು ಈ ತೆರೆ ಹೇಗೋ ಉಳಿಯಿತು. ಇಂಥ ಮೂಲೆ ಊರಾಗಿದ್ದೇ ಅದರ ಪುಣ್ಯ.

ಸಂಜೆಗೆ ಕಿಲ್ಪೆಕ್, ಓರೆ ಬಿಸಿಲಿಗೆ. ಊಟ ಕಟ್ಟಿಕೊಂಡು ಹೋಗಿ, ದಾರಿಯಲ್ಲಿ ಅಂಗಡಿ ಕಡಿಮೆ. ನಾವು ಪುಳಿಯೋಗರೆ ಒಯ್ದಿದ್ದೆವು, ಸಮಾಧಿಗಳಾಚೆಯ ಬೆಂಚಿನಲ್ಲಿ ಕೂತು ತಿಂದೆವು. ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲಾಗುತ್ತದೆ, ಆಗ ಕಿಲ್ಪೆಕ್ಕನ್ನೇ ಮೊದಲು ಇಟ್ಟುಕೊಳ್ಳಿ. ಗೋಡೆಯಲ್ಲಿ ಕಾಣಿಕೆಯ ಡಬ್ಬಿ ಇರುತ್ತದೆ. ಕೈಲಾದಷ್ಟು ಹಾಕಿ. ಈ ಚರ್ಚುಗಳ ಸೂರು ಸೋರಿದರೆ ಖರ್ಚು ಆ ಊರಿನ ಕೆಲವೇ ಜನರ ಮೇಲೆ ಬೀಳುತ್ತದೆ. ಪುಸ್ತಕ ಇಟ್ಟಿದ್ದರೆ ಹೆಸರು ಬರೆಯಿರಿ. ಅಪ್ಪ ಕನ್ನಡದಲ್ಲಿ ಬರೆದರು, ಕೆಳಗೆ ಊರಿನ ಹೆಸರು.

ಹೊರಡುವಾಗ ಲೈಟ್ ಆರಿಸಿ, ಬಾಗಿಲು ಎಳೆದು, ಅಗುಳಿ ಬಿದ್ದ ಶಬ್ದ ಕೇಳುವ ತನಕ ಒತ್ತಿ. ಅರೆ ತೆರೆದಿದ್ದರೆ ಗುಬ್ಬಿ, ಸ್ವಾಲೋ ಹಕ್ಕಿಗಳು ಒಳಗೆ ನುಗ್ಗಿ ಆಚೆ ಬರಲು ದಾರಿ ಸಿಗದೆ ನೀರಿಲ್ಲದೆ ಸಾಯುತ್ತವೆ.